ತಂತಿಯ ಕಾವಲಿನಿಂದ ಮನುಷ್ಯನ ಕಾವಲಿಗೆ

1882ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಮತ್ತು ವಿದ್ಯುತ್ ಎಂಜಿನಿಯರುಗಳ ಸಂಘವು ವಿದ್ಯುತ್ ವೈರಿಂಗಿನ ಬಗ್ಗೆ ಒಂದು ಪುಟ್ಟ ನಿಯಮಾವಳಿಯನ್ನು ಪ್ರಕಟಿಸಿತು. ಇಂದು ಬ್ರಿಟನ್ನಿನಲ್ಲಿ ಚಾಲ್ತಿಯಲ್ಲಿರುವ ದಪ್ಪನೆಯ ವೈರಿಂಗ್ ನಿಯಮ ಪುಸ್ತಕದ ಮೂಲಪುರುಷ ಅದೇ. ಅದರ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ವಿದ್ಯುದ್ದೀಪಗಳಿಂದ ಉಂಟಾಗುವ ಬೆಂಕಿಯ ಅಪಾಯವನ್ನು ತಡೆಯುವ ನಿಯಮಗಳು’ ಎಂದಾಗುತ್ತದೆ. ಹೆಸರಿನಲ್ಲಿ ಇರುವುದು ಬೆಂಕಿ. ಶಾಕ್ ಹೊಡೆದು ಸಾಯುವ ಮನುಷ್ಯನ ಪ್ರಸ್ತಾಪ ಹೆಸರಿನಲ್ಲಿ ಇಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಕೆಲಸ ಶುರು ಮಾಡಿತ್ತು. ಕರೆಂಟು ಆಗಿನ್ನೂ ಸಿರಿವಂತರ ಮನೆಯ, ಕಚೇರಿಯ, ನಾಟಕಶಾಲೆಯ ದೀಪ. ತಂತಿ ಬಿಸಿಯಾಗಿ ಮರದ ಗೋಡೆಗೆ ಬೆಂಕಿ ಹತ್ತಿದರೆ ಕಟ್ಟಡವೇ ಹೋಗುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಆ ಭಯಕ್ಕೆ ಸಿಕ್ಕ ಉತ್ತರ ಫ್ಯೂಸು. ತಂತಿಯ ಶಕ್ತಿ ಮೀರಿ ಕರೆಂಟು ಹರಿದರೆ ಮಧ್ಯದಲ್ಲಿರುವ ಸಣ್ಣ ಲೋಹದ ಎಳೆ ಕರಗಿ ದಾರಿ ಕಡಿಯುತ್ತದೆ. ನಮ್ಮ ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿದ್ದ ಬಿಳಿ ಪಿಂಗಾಣಿ ಫ್ಯೂಸು ಕೂಡ ಇದೇ ಕುಲದ್ದು.

ಆ ಫ್ಯೂಸಿನ ಕೆಲಸ ತಂತಿಯನ್ನು ಕಾಯುವುದು. ಮನುಷ್ಯನನ್ನು ಕಾಯುವ ಸಾಧನ ಮನೆಮನೆಗೆ ಬರಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದು ಬಂದ ದಾರಿಯೂ ನೇರವಾದದ್ದಲ್ಲ. ಚಿನ್ನದ ಗಣಿ, ಪ್ರಯೋಗಾಲಯ, ಈಜುಕೊಳಗಳನ್ನು ಹಾದು ಕೊನೆಗೆ ಅದು ಮನೆಯ ಪಕ್ಕದ ಗ್ಯಾರೇಜಿಗೆ ಬಂತು. ನಮ್ಮಲ್ಲಿ ಗ್ಯಾರೇಜು ಅಂದರೆ ಮೆಕ್ಯಾನಿಕ್ ಅಂಗಡಿ. ಇಲ್ಲಿ ಹೇಳುತ್ತಿರುವುದು ಮನೆಯವರು ಕಾರು ನಿಲ್ಲಿಸಿ, ಡ್ರಿಲ್ಲು, ಗರಗಸ, ಹುಲ್ಲು ಕತ್ತರಿಸುವ ಯಂತ್ರ ಇಟ್ಟುಕೊಳ್ಳುವ ಕಾಂಕ್ರೀಟ್ ನೆಲದ ಕೊಟ್ಟಿಗೆಯ ಮಾತು.

ಫ್ಯೂಸಿಗೆ ಕಾಣದ ಕರೆಂಟು

ಮೊದಲು ಒಂದು ಸಣ್ಣ ಲೆಕ್ಕ. ಮನುಷ್ಯನ ದೇಹ ವಿದ್ಯುತ್ತಿಗೆ ಒಡ್ಡುವ ತಡೆ ಒಂದೇ ಸಮನೆ ಇರುವುದಿಲ್ಲ. ಒಣ ಕೈಯಾದರೆ ಹೆಚ್ಚು, ಒದ್ದೆ ಕೈಯಾದರೆ ಕಡಿಮೆ. ಉದಾಹರಣೆಗೆ 1500 ಓಮ್ ಎಂದು ಇಟ್ಟುಕೊಳ್ಳೋಣ. ನಮ್ಮ ಮನೆಯ 230 ವೋಲ್ಟನ್ನು ಮುಟ್ಟಿದರೆ ದೇಹದ ಮೂಲಕ ಹರಿಯುವ ಕರೆಂಟು ಸುಮಾರು 150 ಮಿಲಿಆಂಪಿಯರ್. ಎದೆಯ ಮೂಲಕ ಹಾದು ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತ ತಾಳ ತಪ್ಪಲು ಅಷ್ಟು ಸಾಕು. ಆದರೆ 5 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. 150 ಮಿಲಿಆಂಪಿಯರ್ ಎಂದರೆ ಆ ಫ್ಯೂಸು ಹೊರಬಲ್ಲ ಕರೆಂಟಿನ ಮೂವತ್ತನೇ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ, ಒಂದು ಚಿಕ್ಕ ಬಲ್ಬು ಹೆಚ್ಚು ಹಚ್ಚಿದಷ್ಟು. ಮನುಷ್ಯ ಸಾಯುತ್ತಿರುವಾಗಲೂ ಫ್ಯೂಸಿನ ಮಟ್ಟಿಗೆ ಎಲ್ಲವೂ ಕ್ಷೇಮ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಮೊದಲ ಪರಿಹಾರ ಅರ್ತಿಂಗ್. ಯಂತ್ರದ ಲೋಹದ ಮೈಯನ್ನು ಒಂದು ತಂತಿಯಿಂದ ಭೂಮಿಗೆ ಜೋಡಿಸುವುದು. ಒಳಗೆ ಫೇಸ್ ತಂತಿಯ ಸಿಪ್ಪೆ ಹರಿದು ಮೈಗೆ ತಾಗಿದರೆ, ಕರೆಂಟು ಆ ಸುಲಭದ ದಾರಿಯಲ್ಲಿ ಜೋರಾಗಿ ಹರಿದು ಫ್ಯೂಸು ಹಾರಬೇಕು. ನಮ್ಮೂರ ಮನೆಗಳ ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪು ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ, ಬೇಸಿಗೆಯಲ್ಲಿ ಒಂದು ಕೊಡ ನೀರು ಹೊಯ್ಯುತ್ತಿದ್ದದ್ದು ಇದಕ್ಕಾಗಿಯೇ. ನೆಲ ಒಣಗಿದರೆ ಆ ಸುಲಭದ ದಾರಿ ಕಷ್ಟದ ದಾರಿಯಾಗುತ್ತದೆ.

ತೊಡಕು ಇರುವುದೂ ಅಲ್ಲೇ. ಒಂದು ಅರ್ತ್ ಪೈಪಿನ ತಡೆ 20 ಓಮ್ ಇದೆ ಎನ್ನಿ. 230 ವೋಲ್ಟಿಗೆ ಅದರಲ್ಲಿ ಹರಿಯುವುದು ಹನ್ನೊಂದೂವರೆ ಆಂಪಿಯರ್. ಅಲ್ಲಿರುವುದು 15 ಆಂಪಿಯರಿನ ಫ್ಯೂಸಾದರೆ ಅದು ಹಾರುವುದೇ ಇಲ್ಲ. ಯಂತ್ರದ ಮೈ ಮಾತ್ರ ಗಂಟೆಗಟ್ಟಲೆ ಕರೆಂಟು ತುಂಬಿಕೊಂಡು ನಿಂತಿರುತ್ತದೆ. ಅರ್ತಿಂಗ್ ಮಾಡಿಸಿದ್ದೇವೆ ಎಂಬ ಧೈರ್ಯದಲ್ಲಿ ಯಾರೋ ಅದನ್ನು ಮುಟ್ಟುತ್ತಾರೆ. ಮುಖ್ಯ ಮನೆಯಿಂದ ದೂರ ಎಳೆದ ಲೈನು, ಕೊನೆಯಲ್ಲೊಂದು ಶೆಡ್ಡು, ಅದಕ್ಕೊಂದು ಅರ್ತ್ ಸಲಾಕೆ ಇರುವ ಕಡೆಯಲ್ಲೆಲ್ಲ ಇದೇ ಕಥೆ. ಅದು ಇಂಗ್ಲೆಂಡಿನ ಗ್ಯಾರೇಜಾದರೂ ಸರಿ, ಮಂಡ್ಯದ ಗದ್ದೆಯ ಪಂಪ್‌ಸೆಟ್ ಮನೆಯಾದರೂ ಸರಿ.

ಚಿನ್ನದ ಗಣಿಯ ಕೊಡುಗೆ

ನಮ್ಮ ನಾಡಿಗೆ ಕರೆಂಟು ಬಂದದ್ದು ಮನೆಯ ದೀಪಕ್ಕೆಂದಲ್ಲ, ಗಣಿಯ ಕೆಲಸಕ್ಕೆಂದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ. ಆಳದ ಗಣಿಗೆ ನೀರೆತ್ತಲು, ಗಾಳಿ ತಳ್ಳಲು, ಕಲ್ಲು ಪುಡಿಮಾಡಲು ಕರೆಂಟು ಬೇಕೇ ಬೇಕು. ಆದರೆ ತೇವ, ಲೋಹ, ಇಕ್ಕಟ್ಟು, ಬೆವರಿದ ಮೈ ಎಲ್ಲವೂ ಒಟ್ಟಿಗೆ ಸೇರುವ ಜಾಗವೂ ಗಣಿಯೇ. ಶಾಕಿನಿಂದ ರಕ್ಷಿಸುವ ಇಂದಿನ ಸಾಧನದ ಒಂದು ಮುಖ್ಯ ಬೇರು ಇನ್ನೊಂದು ದೇಶದ ಚಿನ್ನದ ಗಣಿಗಳಲ್ಲೇ ಇದೆ ಎಂಬುದು ಅದಕ್ಕೇ ಸಹಜ.

ಆ ಸಾಧನದ ಹಿಂದಿನ ಯೋಚನೆ ಸರಳ, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಫೇಸ್ ತಂತಿಯಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ವಾಪಸು ಬರಬೇಕು. ಎರಡೂ ತಂತಿಗಳನ್ನು ಒಂದು ಕಬ್ಬಿಣದ ಬಳೆಯೊಳಗಿಂದ ಹಾಯಿಸಿದರೆ, ಹೋದದ್ದೂ ಬಂದದ್ದೂ ಸಮನಾಗಿರುವಾಗ ಒಂದರ ಕಾಂತ ಪ್ರಭಾವವನ್ನು ಇನ್ನೊಂದು ಅಳಿಸುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ಆ ವ್ಯತ್ಯಾಸ ಬೇರೆ ಯಾವುದೋ ದಾರಿಯಿಂದ ಭೂಮಿಗೆ ಸೋರಿದೆ ಎಂದರ್ಥ. ಆ ದಾರಿ ಮನುಷ್ಯನ ದೇಹವೂ ಆಗಿರಬಹುದು. ಬಳೆಯ ಸುತ್ತ ಸುತ್ತಿದ ಇನ್ನೊಂದು ತಂತಿಯಲ್ಲಿ ಆಗ ವಿದ್ಯುತ್ತು ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ. ಇದರ ಪೇಟೆಂಟು 1928ರಲ್ಲೇ ಜರ್ಮನಿಯಲ್ಲಿ ದಾಖಲಾಗಿತ್ತು. ಕೊರತೆಯಿದ್ದದ್ದು ಸೂಕ್ಷ್ಮತೆಗೆ. ಆರಂಭದ ಸಾಧನಗಳಿಗೆ ಆಂಪಿಯರುಗಟ್ಟಲೆ ಸೋರಿದರಷ್ಟೇ ತಿಳಿಯುತ್ತಿತ್ತು.

1955ರಲ್ಲಿ ದಕ್ಷಿಣ ಆಫ್ರಿಕದ ಎಂಜಿನಿಯರ್ ಹೆನ್ರಿ ರೂಬಿನ್ ಗಣಿಗಳ 525 ವೋಲ್ಟ್ ಲೈನಿಗೆಂದು 250 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಸಾಧನವನ್ನು ಮಾಡಿದ. ಹಲವು ಚಿನ್ನದ ಗಣಿಗಳಲ್ಲಿ ಅದು ನಂಬಿಕೆಯಿಂದ ಕೆಲಸ ಮಾಡಿತು. ಮರುವರ್ಷವೇ ಮನೆಯ 220 ವೋಲ್ಟಿಗೆ ಒಗ್ಗುವ, 20 ಮಿಲಿಆಂಪಿಯರಿಗಿಂತಲೂ ಕಡಿಮೆ ಸೋರಿಕೆಯನ್ನು ಗುರುತಿಸುವ ಮಾದರಿ ಸಿದ್ಧವಾಯಿತು. ಸ್ಟಿಲ್‌ಫಾಂಟೈನ್ ಎಂಬ ಗಣಿ ಊರಿನ ಮನೆಗಳಲ್ಲಿ ಶಾಕ್ ಹೊಡೆದು ಹಲವರು ಸತ್ತಿದ್ದರು. 1957–58ರಲ್ಲಿ ಅಲ್ಲಿನ ಕೆಲವು ನೂರು ಮನೆಗಳಿಗೆ 20 ಮಿಲಿಆಂಪಿಯರಿನ ಈ ಸಾಧನವನ್ನು ಹಾಕಿದರು. ಅದೇ ಹೊತ್ತಿಗೆ ಆಸ್ಟ್ರಿಯಾದ ಭೌತವಿಜ್ಞಾನಿ ಗಾಟ್‌ಫ್ರೀಡ್ ಬೀಗಲ್‌ಮೈಯರ್ ಕೂಡ ಇಂಥದೇ ಸ್ವಿಚ್ಚಿನ ಮೇಲೆ ಕೆಲಸ ಮಾಡುತ್ತಿದ್ದ. ಮುಂದೆ ಆತ ತನ್ನ ದೇಹದ ಮೂಲಕವೇ ಕರೆಂಟು ಹಾಯಿಸಿಕೊಂಡು ಅಳತೆ ಮಾಡಿದ. ಇವತ್ತಿನ ಅಂತಾರಾಷ್ಟ್ರೀಯ ಮಾನಕಗಳಲ್ಲಿ ಆ ಅಳತೆಗಳ ಪಾಲೂ ಇದೆ.

ಕೈ ಬಿಡಲಾಗದ ಕರೆಂಟು

ಸಾಧನ ಎಷ್ಟು ಸೋರಿಕೆಗೆ ಬೀಳಬೇಕು ಎಂದು ತೀರ್ಮಾನಿಸಬೇಕಾದರೆ ಮನುಷ್ಯನ ದೇಹ ಎಷ್ಟನ್ನು ತಾಳುತ್ತದೆ ಎಂದು ಗೊತ್ತಿರಬೇಕಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಡಾಲ್ಜಿಲ್ ಈ ಪ್ರಶ್ನೆಯ ಬೆನ್ನು ಹತ್ತಿದ. ಶಾಕ್ ಹೊಡೆದಾಗ ‘ಕರೆಂಟು ಹಿಡಿದುಕೊಂಡುಬಿಟ್ಟಿತು’ ಎಂದು ನಾವು ಹೇಳುತ್ತೇವೆ. ನಿಜವಾಗಿ ಹಿಡಿದುಕೊಳ್ಳುವುದು ನಮ್ಮದೇ ಕೈ. ಕರೆಂಟಿಗೆ ಸ್ನಾಯುಗಳು ಬಿಗಿದು, ಮುಷ್ಟಿ ಬಿಚ್ಚಲಾಗುವುದಿಲ್ಲ. ಡಾಲ್ಜಿಲ್ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಕರೆಂಟನ್ನು ನಿಧಾನವಾಗಿ ಏರಿಸುತ್ತ, ಯಾವ ಹಂತದವರೆಗೆ ಅವರು ತಾವಾಗಿಯೇ ಕೈ ಬಿಡಬಲ್ಲರು ಎಂದು ಅಳೆದ. 134 ಗಂಡಸರು, 28 ಹೆಂಗಸರು ಇದರಲ್ಲಿ ಪಾಲ್ಗೊಂಡರು. ಸರಾಸರಿ ಗಂಡಸರಿಗೆ ಸುಮಾರು 16 ಮಿಲಿಆಂಪಿಯರ್, ಹೆಂಗಸರಿಗೆ ಹತ್ತೂವರೆ. ಬಹುತೇಕ ಎಲ್ಲರೂ ಬಿಡಿಸಿಕೊಳ್ಳಬಲ್ಲ ಸುರಕ್ಷಿತ ಮಿತಿ ಗಂಡಸರಿಗೆ 9, ಹೆಂಗಸರಿಗೆ 6 ಎಂದು ಆತ ಲೆಕ್ಕ ಹಾಕಿದ.

ಈ ಅಂಕಿಗಳ ಆಧಾರದ ಮೇಲೆಯೇ ಡಾಲ್ಜಿಲ್ ಅಮೆರಿಕದ ಮನೆಗಳಿಗೆಂದು 5 ಮಿಲಿಆಂಪಿಯರಿನ ಸೋರಿಕೆಗೆ ಕಡಿಯುವ ಸಾಧನವನ್ನು ರೂಪಿಸಿದ. 1965ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಯುರೋಪು ಮತ್ತು ಭಾರತ ಬೇರೆ ದಾರಿ ಹಿಡಿದವು. ಇಲ್ಲಿ ಮನೆಗೆ ಸಾಮಾನ್ಯವಾದದ್ದು 30 ಮಿಲಿಆಂಪಿಯರ್. ಕೈ ಬಿಡಿಸಿಕೊಳ್ಳುವುದಕ್ಕಿಂತ, ಹೃದಯ ತಾಳ ತಪ್ಪುವ ಮೊದಲೇ ಕಡಿಯುವುದು ಇದರ ಗುರಿ. ಮೊದಲು ಲೆಕ್ಕ ಹಾಕಿದೆವಲ್ಲ, ಆ 150 ಮಿಲಿಆಂಪಿಯರ್ ಸೋರಿದರೆ ಇದು ಸೆಕೆಂಡಿನ 25ನೇ ಒಂದು ಭಾಗದೊಳಗೆ ಬೀಳಬೇಕೆಂಬುದು ಮಾನಕ. ಒಂದು ಎದೆಬಡಿತಕ್ಕೆ ಹಿಡಿಯುವ ಹೊತ್ತು ಇದರ ಇಪ್ಪತ್ತು ಪಟ್ಟು. ಶಾಕು ತಟ್ಟುವುದೇನೋ ತಟ್ಟುತ್ತದೆ, ‘ಝುಮ್’ ಎನ್ನುತ್ತದೆ, ಆದರೆ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು.

ಗ್ಯಾರೇಜಿನ ಸರದಿ

ಸಾಧನ ಇದ್ದ ಮಾತ್ರಕ್ಕೆ ಎಲ್ಲರೂ ಹಾಕಿಸುವುದಿಲ್ಲ. ಖರ್ಚಾಗುತ್ತದೆ, ಮೊದಮೊದಲು ಸುಮ್ಮಸುಮ್ಮನೆ ಬೀಳುತ್ತದೆ ಎಂಬ ದೂರೂ ಇತ್ತು. ಹಾಗಾಗಿ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಅದನ್ನು ಒಂದೊಂದೇ ಜಾಗಕ್ಕೆ ಕಡ್ಡಾಯ ಮಾಡುತ್ತ ಬಂತು. 1968ರಲ್ಲಿ ಈಜುಕೊಳದ ನೀರೊಳಗಿನ ದೀಪಗಳು, 1973ರ ಹೊತ್ತಿಗೆ ಮನೆಯ ಹೊರಗಿನ ಸಾಕೆಟ್ಟುಗಳು, 1975ರಲ್ಲಿ ಬಚ್ಚಲುಮನೆ, 1978ರಲ್ಲಿ ಗ್ಯಾರೇಜು. ಅಡುಗೆಮನೆಯ ಸರದಿ ಬಂದದ್ದು ಗ್ಯಾರೇಜಾಗಿ ಒಂಬತ್ತು ವರ್ಷಕ್ಕೆ, 1987ರಲ್ಲಿ.

ಅಡುಗೆಮನೆಗಿಂತ ಮೊದಲು ಗ್ಯಾರೇಜೇಕೆ? ಅಲ್ಲಿನ ನೆಲವನ್ನು ನೋಡಿದರೆ ತಿಳಿಯುತ್ತದೆ. ಭೂಮಿಯ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಸದಾ ಸ್ವಲ್ಪ ತೇವವನ್ನು ಹೀರಿಕೊಂಡಿರುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಿಂತವನು ಭೂಮಿಗೆ ಜೋಡಿಸಿದ ತಂತಿಯಂತೆಯೇ. ಕೈಯಲ್ಲಿ ಲೋಹದ ಮೈಯ ಹಳೆಯ ಡ್ರಿಲ್ಲು, ಕಾಲ ಕೆಳಗೆ ತುಳಿದು ಸವೆದ ಉದ್ದದ ವಯರು. ಮೇಲಾಗಿ, ಅಂಗಳದಲ್ಲಿ ಬಳಸುವ ಯಂತ್ರಕ್ಕೂ ಪ್ಲಗ್ಗು ಸಿಗುವುದು ಗ್ಯಾರೇಜಿನಲ್ಲೇ.

ಬ್ರಿಟನ್ನಿನಲ್ಲಿ 1981ರ ಹದಿನೈದನೇ ಆವೃತ್ತಿಯ ವೈರಿಂಗ್ ನಿಯಮಗಳು ಹೊರಾಂಗಣದ ಯಂತ್ರಗಳಿಗೆ ಬಳಸುವ ಸಾಕೆಟ್ಟಿಗೆ ಈ ರಕ್ಷಣೆ ಬೇಕೆಂದವು. 2008ರ ಹದಿನೇಳನೇ ಆವೃತ್ತಿ ಅದನ್ನು ಮನೆಯ ಸಾಮಾನ್ಯ ಸಾಕೆಟ್ಟುಗಳಿಗೆಲ್ಲ ವಿಸ್ತರಿಸಿತು. ಆದರೆ ಅಲ್ಲಿ ಮನೆಯಿಂದ ಬೇರೆಯಾಗಿ ನಿಂತ ಗ್ಯಾರೇಜಿಗೆ ಇನ್ನೊಂದು ವಿಚಿತ್ರ ಸಮಸ್ಯೆ ಇದೆ, ಅದೂ ಇತಿಹಾಸ ಬಿಟ್ಟುಹೋದದ್ದೇ. ಹಿಂದೆ ಅಲ್ಲಿನ ಎಷ್ಟೋ ಮನೆಗಳ ಅರ್ತಿಂಗ್ ನೆಲದಡಿಯ ಲೋಹದ ನೀರಿನ ಕೊಳವೆಗೆ ಹೋಗುತ್ತಿತ್ತು. ಆ ಕೊಳವೆಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ಆ ದಾರಿ ಮುಚ್ಚಿತು. ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಎರಡೂ ಒಂದೇ ತಂತಿಯಾಗಿ ಬಂದು ಮನೆಯ ಬಾಗಿಲಲ್ಲಿ ಬೇರೆಯಾಗುವ ವ್ಯವಸ್ಥೆ ವ್ಯಾಪಕವಾಯಿತು.

ಎಲ್ಲ ಸರಿಯಿರುವಾಗ ಇದು ಒಳ್ಳೆಯ ವ್ಯವಸ್ಥೆಯೇ. ಬೀದಿಯಲ್ಲಿ ಆ ಜಂಟಿ ತಂತಿ ತುಂಡಾದರೆ ಮಾತ್ರ ಮನೆಯ ಲೋಹದ ಮೈಗಳೆಲ್ಲ ಒಟ್ಟಿಗೆ ವೋಲ್ಟೇಜು ಏರಿಸಿಕೊಳ್ಳುತ್ತವೆ. ಮನೆಯೊಳಗೆ ಕೊಳವೆ, ಸಿಂಕು, ಯಂತ್ರ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿರುವುದರಿಂದ ಅವೆಲ್ಲ ಸಮಸಮನಾಗಿ ಏರುತ್ತವೆ. ಎರಡನ್ನು ಒಟ್ಟಿಗೆ ಮುಟ್ಟಿದರೂ ನಡುವೆ ದೊಡ್ಡ ವ್ಯತ್ಯಾಸವಿರುವುದಿಲ್ಲ. ದೂರದ ಗ್ಯಾರೇಜಿಗೆ ಅದೇ ಅರ್ತನ್ನು ಎಳೆದುಕೊಂಡು ಹೋಗಿದ್ದರೆ ಕಥೆ ಬೇರೆ. ಅಲ್ಲಿ ಕಾಲ ಕೆಳಗಿರುವುದು ನಿಜವಾದ ಭೂಮಿ, ಕೈಯಲ್ಲಿರುವುದು ವೋಲ್ಟೇಜು ಏರಿದ ಲೋಹ. ಮನೆಯ ಒಳಗೆ ಕಾಪಾಡಿದ ತಂತಿಯೇ ಹೊರಗೆ ಅಪಾಯವನ್ನು ಹೊತ್ತು ತರುತ್ತದೆ. ಇಂಥ ಕಡೆ ಅಲ್ಲಿನ ಎಲೆಕ್ಟ್ರಿಷಿಯನ್ನರು ಅನೇಕ ಸಲ ಮನೆಯ ಅರ್ತನ್ನು ಗ್ಯಾರೇಜಿಗೆ ಜೋಡಿಸದೆ, ಅಲ್ಲಿಯೇ ನೆಲಕ್ಕೊಂದು ಅರ್ತ್ ಸಲಾಕೆ ಹೊಡೆದು, ಸೋರಿಕೆ ಹಿಡಿಯುವ ಸ್ವಿಚ್ಚು ಹಾಕುತ್ತಾರೆ. ಸಲಾಕೆಯ ತಡೆ ಹೆಚ್ಚಿದ್ದು ಫ್ಯೂಸು ಹಾರದಿದ್ದರೂ ಸೋರಿಕೆಯ ಸ್ವಿಚ್ಚಿಗೆ 30 ಮಿಲಿಆಂಪಿಯರ್ ಸಾಕಲ್ಲ. ಒಂಟಿ ಅರ್ತ್ ಸಲಾಕೆಯನ್ನು ನಂಬುವಂತಾದದ್ದು ಈ ಸಾಧನ ಬಂದ ಮೇಲೆಯೇ.

ನಮ್ಮ ಪಾರ್ಕಿಂಗಿನ ಕೆಳಗೆ

ನಮ್ಮ ದೇಶದ ಕಾನೂನಿಗೂ ಈ ಕಥೆಯಲ್ಲಿ ಒಂದು ಅಧ್ಯಾಯವಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ ಸೇರಿಸಿದ 61-ಎ ನಿಯಮ ಸೋರಿಕೆ ರಕ್ಷಣೆಯನ್ನು ಕಡ್ಡಾಯ ಮಾಡಿತು. ಆದರೆ 5 ಕಿಲೋವಾಟ್‌ಗಿಂತ ಕಡಿಮೆ ಹೊರೆಯ ಸಾಧಾರಣ ಮನೆಗಳನ್ನು ಅದು ಹೊರಗಿಟ್ಟಿತು. ಅಂದರೆ ಏಸಿ, ಗೀಸರು ಎಲ್ಲ ಇರುವ ದೊಡ್ಡ ಮನೆಗೆ ರಕ್ಷಣೆ ಕಡ್ಡಾಯ. ಎರಡು ಬಲ್ಬು, ಒಂದು ಫ್ಯಾನು, ಒಂದು ಇಸ್ತ್ರಿಪೆಟ್ಟಿಗೆಯ ಮನೆಗೆ ಇಲ್ಲ. ಶಾಕಿನ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಮನುಷ್ಯನನ್ನು ಕೊಲ್ಲಲು 5 ಕಿಲೋವಾಟ್ ಬೇಡ, ಒಂದು ಬಲ್ಬಿನಷ್ಟು ಸಾಕು. ಹಳೆಯ ವಯರು, ಸರಿಯಿಲ್ಲದ ಅರ್ತಿಂಗ್, ಒದ್ದೆ ನೆಲ ಹೆಚ್ಚಾಗಿ ಇರುವುದೂ ಸಣ್ಣ ಮನೆಗಳಲ್ಲೇ. 1882ರಲ್ಲಿ ಕಟ್ಟಡವನ್ನು ಮೊದಲು ಕಾದ ಮನಸ್ಸು ಇಲ್ಲಿ ಇನ್ನೊಂದು ರೂಪದಲ್ಲಿ ಬಂದಂತಿದೆ. ಕಾವಲಿನ ಅಳತೆಗೋಲು ಇಲ್ಲಿಯೂ ಕರೆಂಟಿನ ಹೊರೆಯೇ ಹೊರತು ಮನುಷ್ಯನಲ್ಲ. ನಮ್ಮ ದೇಶದಲ್ಲಿ ವಿದ್ಯುದಾಘಾತದಿಂದ ಸಾಯುವವರ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲೇ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ.

ಊರು ಬಿಟ್ಟು ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಬಾಡಿಗೆ ಮನೆಯಲ್ಲಿರುವ ನಮಗೆ ಗ್ಯಾರೇಜು ಇಲ್ಲದಿರಬಹುದು. ಆದರೆ ಕಟ್ಟಡದ ಕಂಬಗಳ ನಡುವಿನ ಪಾರ್ಕಿಂಗ್ ಇದೆ. ಅಲ್ಲಿ ವಾಚ್‌ಮನ್ನಿನ ಕೋಣೆಯಿದೆ, ನೀರೆತ್ತುವ ಮೋಟರಿದೆ, ಕಾರು ತೊಳೆಯುವ ಹುಡುಗನಿದ್ದಾನೆ. ಈಗ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರೂ ಸೇರಿದೆ. ಎಷ್ಟೋ ಕಡೆ ಅದಕ್ಕೆಂದು ಮೇಲಿನ ಮನೆಯ ಕಿಟಕಿಯಿಂದ ಒಂದು ಎಕ್ಸ್‌ಟೆನ್ಶನ್ ವಯರು ಇಳಿಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಪಾರ್ಕಿಂಗಿನಲ್ಲಿ ನೀರು ನಿಲ್ಲುತ್ತದೆ. ಅಮೆರಿಕ 1978ರಲ್ಲಿ ಗ್ಯಾರೇಜಿಗೆ ಕಂಡ ಕಾರಣಗಳೆಲ್ಲ ಇಲ್ಲಿ ಒಟ್ಟಿಗೇ ಇವೆ.

ಆದ್ದರಿಂದ ಪಾರ್ಕಿಂಗಿಗೆ ಲೈನು ಎಳೆಸುವಾಗ ಎಲೆಕ್ಟ್ರಿಷಿಯನ್ನರನ್ನು ಕೇಳಬೇಕಾದ ಪ್ರಶ್ನೆ ‘ಎಂಸಿಬಿ ಹಾಕಿದ್ದೀರಾ’ ಎಂದಷ್ಟೇ ಅಲ್ಲ. ಎಂಸಿಬಿ ಎಂದರೆ ಫ್ಯೂಸಿನ ಹೊಸ ತಲೆಮಾರು. ಅದು ತಂತಿಯ ಕಾವಲಿಗೆ. ‘30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ, ಅರ್ತ್ ತಂತಿ ಕೊನೆಯವರೆಗೂ ಬಂದಿದೆಯಾ’ ಎಂದೂ ಕೇಳಬೇಕು. ಎರಡೂ ಬೇಕು, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಹೆಚ್ಚಿನವರು ಇದನ್ನು ಈಗಲೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಆ ಹೆಸರಿನ ಹಳೆಯ ಒಂದು ಬಗೆ ಅರ್ತ್ ತಂತಿಯನ್ನಷ್ಟೇ ಗಮನಿಸುತ್ತಿತ್ತು. ಮನುಷ್ಯ ನೇರವಾಗಿ ಫೇಸ್ ಮುಟ್ಟಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹೆಸರು ಉಳಿದಿದೆ, ಸಾಧನ ಬದಲಾಗಿದೆ. ವಾಹನದ ಚಾರ್ಜರಿಗೆ ಯಾವ ಬಗೆಯ ಆರ್‌ಸಿಸಿಬಿ ಬೇಕೆಂದು ಚಾರ್ಜರ್ ಜೊತೆ ಬರುವ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು. ಏಸಿ ಸೋರಿಕೆಯನ್ನಷ್ಟೇ ಗುರುತಿಸುವ ಬಗೆಗೆ ಡೀಸಿ ಸೋರಿಕೆ ಕಾಣದೆ ಹೋಗಬಹುದು.

ಈ ಸಾಧನಕ್ಕೂ ಮಿತಿಯಿದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಕಾಯಲಾರದು. ಹೋದ ಲೆಕ್ಕ, ಬಂದ ಲೆಕ್ಕ ಅಲ್ಲಿ ಸರಿಯಾಗಿಯೇ ಇರುತ್ತದೆ. ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಅದರ ಒಳಗಿನ ಭಾಗಗಳು ಜಡ್ಡುಗಟ್ಟಿ ಬೇಕಾದಾಗ ಬೀಳದೆಯೂ ಇರಬಹುದು. ಅದಕ್ಕೇ ಅದರ ಮೇಲೆ ‘ಟಿ’ ಎಂದು ಬರೆದ ಚಿಕ್ಕದೊಂದು ಗುಂಡಿಯಿದೆ. ಕರೆಂಟು ಇರುವಾಗ ಒತ್ತಿದರೆ ಸ್ವಿಚ್ಚು ಟಕ್ಕನೆ ಕೆಳಗೆ ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಬೋರ್ಡಿನಲ್ಲಿ ಅಂಥ ಗುಂಡಿಯೇ ಕಾಣದಿದ್ದರೆ ಬಾಡಿಗೆ ಮನೆಯಾದರೂ ಮಾಲೀಕರ ಹತ್ತಿರ ಆ ಮಾತೆತ್ತಬೇಕು. ಪಾರ್ಕಿಂಗಿನದಾದರೆ ಸೊಸೈಟಿಯ ಮುಂದಿನ ಸಭೆಯಲ್ಲಿ, ವಾಚ್‌ಮನ್ನಿನ ಕೋಣೆಯನ್ನೂ ಸೇರಿಸಿಕೊಂಡು ಕೇಳಬೇಕು. ನಾವು ಮೇಲಿನ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು, ಒಣನೆಲದ ಮೇಲೆ ನಿಂತಿರುತ್ತೇವೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೋಟರಿನ ಸ್ವಿಚ್ಚು ಹಾಕುವವನು ಅವನು.